ಬಾವಿಯ ಒಂದು ಗೇಣು: ಬರದ ಬೇಸಿಗೆಯಲ್ಲಿ ಕಡಲೂರಿಗೆ ಹೊರಡುವ ಮುನ್ನ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಘಟ್ಟದ ಮೇಲಿನ ಊರುಗಳಿಂದ ಕರಾವಳಿಗೆ ಇಳಿಯುವ ಬಸ್ಸು, ರೈಲುಗಳಲ್ಲಿ ಸೀಟು ಸಿಗುವುದು ಕಷ್ಟ. ಗೋಕರ್ಣ, ಮುರ್ಡೇಶ್ವರ, ಮರವಂತೆ, ಮಲ್ಪೆ, ಪಣಂಬೂರು ಎಂದು ಮಕ್ಕಳು ಮೊದಲೇ ಪಟ್ಟಿ ಮಾಡಿಟ್ಟಿರುತ್ತಾರೆ. ಕೊಳವೆಬಾವಿ ಬತ್ತಿ ಟ್ಯಾಂಕರ್ ದಾರಿ ಕಾಯುವ ಬೆಂಗಳೂರಿನ ಬಡಾವಣೆಯವರಿಗೂ, ವಾರಕ್ಕೊಮ್ಮೆ ನಲ್ಲಿ ನೀರು ಕಾಣುವ ಬಯಲುಸೀಮೆಯ ಪಟ್ಟಣದವರಿಗೂ ಕಡಲ ತೀರ ಎಂದರೆ ನೀರಿನ ಚಿಂತೆ ಇಲ್ಲದ ನಾಲ್ಕು ದಿನ. ಕಣ್ಣು ಹಾಯಿಸಿದಷ್ಟೂ ನೀರು, ಮಳೆಗಾಲದಲ್ಲಿ ಧಾರಾಕಾರ ಸುರಿಯುವ ಸೀಮೆ, ಅಲ್ಲಿ ನೀರಿಗೆ ತತ್ವಾರ ಬಂದೀತೇ ಎಂಬ ನಂಬಿಕೆ ಸಹಜವೇ. ಆದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ನಂಬಿಕೆಯೇ ಪ್ರವಾಸವನ್ನೂ ಕೆಡಿಸುತ್ತದೆ, ನಾವು ಉಳಿದುಕೊಂಡ ಊರನ್ನೂ ಕಷ್ಟಕ್ಕೆ ನೂಕುತ್ತದೆ. ಬರದ ಬೇಸಿಗೆಯಲ್ಲಿ ಕಡಲೂರಿಗೆ ಹೋಗಬಾರದು ಎಂದು ಈ ಲೇಖನ ಹೇಳುವುದಿಲ್ಲ. ಹೋಗಬೇಕು. ಆದರೆ ಮೊದಲು ನೀರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡು, ಆಮೇಲೆ ದಿನಾಂಕ, ಕೋಣೆ, ಕಾರ್ಯಕ್ರಮ ಗೊತ್ತು ಮಾಡಬೇಕು. ಸಾಮಾನ್ಯವಾಗಿ ನಾವು ಮಾಡುವುದು ಇದರ ತದ್ವಿರುದ್ಧ.

ಮಳೆನಾಡಿಗೆ ಬರ ಬರುವುದು ಹೇಗೆ?

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳುವುದರ ಮೂರು ಪಟ್ಟು ಎಂದರೂ ತಪ್ಪಿಲ್ಲ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಘಟ್ಟದಲ್ಲಿ ಹುಟ್ಟಿ ಪಡುವಣಕ್ಕೆ ಹರಿಯುವ ನೇತ್ರಾವತಿ, ಸ್ವರ್ಣಾ, ಶರಾವತಿ, ಅಘನಾಶಿನಿ, ಕಾಳಿ ನದಿಗಳಲ್ಲಿ ಒಂದೂ 200 ಕಿಲೋಮೀಟರ್ ಉದ್ದವಿಲ್ಲ. ಸುಮಾರು 800 ಕಿಲೋಮೀಟರ್ ನಿಧಾನಕ್ಕೆ ಹರಿಯುವ ಕಾವೇರಿಯಂತಲ್ಲದೆ ಇವು ಕಡಿದಾದ ಇಳಿಜಾರಿನಲ್ಲಿ ಧುಮುಕಿ ಬಹುಬೇಗ ಕಡಲು ಸೇರುತ್ತವೆ. ನೆಲವೂ ನೀರನ್ನು ಬಹಳ ಕಾಲ ಹಿಡಿದಿಡುವಂಥದ್ದಲ್ಲ. ಮುರಕಲ್ಲು, ಚಿರೇಕಲ್ಲು, ಕೆಂಪುಕಲ್ಲು ಎಂದೆಲ್ಲ ಕರೆಯುವ ಇಲ್ಲಿನ ಕಲ್ಲು ತೂತು ತೂತಾಗಿದ್ದು, ಮಳೆನೀರನ್ನು ಎಷ್ಟು ಬೇಗ ಹೀರುತ್ತದೋ ಅಷ್ಟೇ ಬೇಗ ತಗ್ಗಿನ ಕಡೆಗೆ ಬಿಟ್ಟುಕೊಡುತ್ತದೆ. ಇದನ್ನು ಅರಿತೇ ಇಲ್ಲಿನ ಹಿರಿಯರು ಮಳೆಗಾಲ ಮುಗಿಯುತ್ತಿದ್ದಂತೆ ತೋಡುಗಳಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ‘ಕಟ್ಟ’ ಕಟ್ಟುತ್ತಿದ್ದರು. ಈಗ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಅಕ್ಟೋಬರ್ ತಿಂಗಳ ಹಿಂಗಾರು ಚೆನ್ನಾಗಿ ಬಂದು, ಏಪ್ರಿಲ್‌ನಲ್ಲಿ ಒಂದೆರಡು ಅಡ್ಡಮಳೆ ಬಿದ್ದರೆ ಬಾವಿಗಳು ಹೇಗೋ ಜೂನ್ ಮುಟ್ಟುತ್ತವೆ. ಎರಡೂ ತಪ್ಪಿದ ವರ್ಷ ಮೇ ತಿಂಗಳ ಹೊತ್ತಿಗೆ ತಳ ಕಾಣುತ್ತವೆ.

ಇದು ಬರೀ ಊಹೆಯ ಮಾತಲ್ಲ. 2019ರ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ ನೀರಿನ ಅಭಾವ ಉಂಟಾದಾಗ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು, ಭಕ್ತರು ಕೆಲವು ದಿನ ಪ್ರವಾಸ ಮುಂದೂಡಬೇಕೆಂದು ಸಾರ್ವಜನಿಕವಾಗಿ ಕೋರಿಕೊಂಡರು. ಅನ್ನದಾನಕ್ಕೆ ಹೆಸರಾದ ಕ್ಷೇತ್ರವೇ ಅತಿಥಿಗಳಿಗೆ ‘ಸ್ವಲ್ಪ ತಡೆದು ಬನ್ನಿ’ ಎನ್ನಬೇಕಾಯಿತು ಎಂದರೆ ಪರಿಸ್ಥಿತಿ ಎಷ್ಟು ಬಿಗಡಾಯಿಸಿತ್ತೆಂದು ಅರ್ಥವಾಗುತ್ತದೆ. ಅದೇ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ನೀರಿನ ಮಟ್ಟ ಇಳಿದು ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದು ವಾಡಿಕೆಯ ಜೂನ್ 1ಕ್ಕಲ್ಲ, ಜೂನ್ 8ಕ್ಕೆ. 2023ರಲ್ಲೂ ಜೂನ್ 8ಕ್ಕೇ. 2025ರಲ್ಲಾದರೋ ಮೇ 24ಕ್ಕೇ ಬಂದುಬಿಟ್ಟಿತು. ಎಂದರೆ ಮಳೆ ಬರುವ ದಿನದಲ್ಲಿ ಎರಡು ವಾರದ ಹಿಂದುಮುಂದು ಇದ್ದದ್ದೇ. ಕಡಲೂರಿನ ಮನೆಯವರು ತಮ್ಮ ಬಾವಿಯ ನೀರನ್ನು ಯಾವ ದಿನದವರೆಗೆ ಕಾಪಾಡಿಕೊಳ್ಳಬೇಕೆಂದು ಖಚಿತವಾಗಿ ತಿಳಿಯಲಾರರು. ಹಾಗಾಗಿಯೇ ಮೇ ತಿಂಗಳಲ್ಲಿ ಅವರ ಬಾವಿಯಿಂದ ಅತಿಥಿ ಬಳಸುವ ಪ್ರತಿ ಬಕೆಟ್ಟೂ ಆಪತ್ಕಾಲಕ್ಕೆಂದು ಇಟ್ಟ ಗಂಟಿನಿಂದ ತೆಗೆದದ್ದೇ ಆಗಿರುತ್ತದೆ.

ತೀರದ ಬಾವಿಗೆ ಇನ್ನೂ ಒಂದು ಕಷ್ಟವಿದೆ. ಸಿಹಿನೀರಿಗಿಂತ ಕಡಲ ನೀರು ತೂಕದಲ್ಲಿ ನೂರಕ್ಕೆ ಎರಡೂವರೆಯಷ್ಟು ಹೆಚ್ಚು. ಅದರಿಂದ ತೀರದ ಮರಳಿನಡಿ ಮಳೆನೀರು ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ. ಭೂಜಲ ತಜ್ಞರು ನೂರಕ್ಕೂ ಹೆಚ್ಚು ವರ್ಷಗಳಿಂದ ಬಳಸುತ್ತಿರುವ ಒಂದು ಲೆಕ್ಕದ ಪ್ರಕಾರ, ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರಬಲ್ಲದು. ಇದನ್ನೇ ತಿರುಗಿಸಿ ನೋಡಿದರೆ ಅಪಾಯ ಕಾಣುತ್ತದೆ: ಮೇಲಿನ ಮಟ್ಟ ಕೊಂಚ ಇಳಿದರೂ ಕೆಳಗಿನ ಉಪ್ಪು ಬಹಳಷ್ಟು ಮೇಲೇರುತ್ತದೆ. ಹಗ್ಗ ಕೊಡಪಾನ ಹಿಡಿದು ನಿಧಾನಕ್ಕೆ ಸೇದುವಾಗ ಒರತೆ ಮತ್ತೆ ತುಂಬಲು ಹೊತ್ತು ಸಿಗುತ್ತಿತ್ತು. ಪಂಪು ಹಾಕಿ ಎಳೆದಾಗ ಬಾವಿಯ ತಳದಿಂದಲೇ ಉಪ್ಪುನೀರು ಎದ್ದು ಬರುತ್ತದೆ. ಒಮ್ಮೆ ಸವುಳಾದ ಬಾವಿ ಮಳೆ ಬಂದು ತೊಳೆಯುವ ತನಕ ಕುಡಿಯಲು, ಅಡುಗೆಗೆ ಒದಗದು. ಅತಿಥಿ ನಾಲ್ಕು ದಿನ ಇದ್ದು ಹೊರಡುತ್ತಾನೆ, ಆದರೆ ಉಪ್ಪಾದ ನೀರಿನೊಂದಿಗೆ ಮನೆಯವರು ವಾರಗಟ್ಟಲೆ ಬದುಕಬೇಕು.

ಒಂದು ಗೇಣಿನ ಲೆಕ್ಕ

ಒಂದು ಕುಟುಂಬದಿಂದ ಅಷ್ಟೆಲ್ಲ ಆಗುತ್ತದೆಯೇ ಎಂಬ ಅನುಮಾನವಿದ್ದರೆ ಮನೆಯ ಬಚ್ಚಲಲ್ಲೇ ಅಳೆದು ನೋಡಬಹುದು. ಇಪ್ಪತ್ತು ಲೀಟರಿನ ಬಕೆಟ್ಟನ್ನು ಶವರಿನ ಕೆಳಗಿಟ್ಟು ಗಡಿಯಾರ ಹಿಡಿದರೆ ಎರಡು ನಿಮಿಷಕ್ಕೆ ತುಂಬಿತು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಹತ್ತು ಲೀಟರು. ಕಡಲಲ್ಲಿ ಆಡಿ ಬಂದವರು ತಲೆಗೂದಲಿನ ಮರಳು, ಮೈಯ ಉಪ್ಪು ಹೋಗುವವರೆಗೆ ಹತ್ತು ನಿಮಿಷ ಶವರಿನಡಿ ನಿಂತರೆ ತಲೆಗೆ ನೂರು ಲೀಟರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದರೆ ಐದು ಜನರ ಕುಟುಂಬಕ್ಕೆ ದಿನಕ್ಕೆ ಸಾವಿರ ಲೀಟರು, ಅದೂ ಬರೀ ಸ್ನಾನಕ್ಕೆ. ಎಂಟು ಅಡಿ ಅಗಲದ ದುಂಡು ಬಾವಿಯಿಂದ ಸಾವಿರ ಲೀಟರ್ ತೆಗೆದರೆ ನೀರು ಸುಮಾರು ಇಪ್ಪತ್ತೊಂದು ಸೆಂಟಿಮೀಟರ್ ಇಳಿಯುತ್ತದೆ. ಹೆಬ್ಬೆರಳಿನಿಂದ ಕಿರುಬೆರಳಿಗೆ ಅಗಲಿಸಿ ಹಿಡಿದ ಒಂದು ಗೇಣು ಅದು. ನಾಲ್ಕು ಕೋಣೆ ತುಂಬಿದ ಹೋಮ್‌ಸ್ಟೇಯಲ್ಲಿ ನಾಲ್ಕು ಗೇಣು. ತಳದಲ್ಲಿ ನಾಲ್ಕಡಿ ನೀರು ಉಳಿದಿರುವ ಬಾವಿಗೆ ಇದು ಎಷ್ಟು ದಿನದ ಬಾಳು ಎಂಬುದನ್ನು ಮಕ್ಕಳೂ ಲೆಕ್ಕ ಹಾಕಬಲ್ಲರು. ರಾತ್ರಿಯಿಡೀ ಒರತೆಯಲ್ಲಿ ಬಂದು ಸೇರುವ ನೀರು ಇದನ್ನು ಸರಿತೂಗಿಸಿದರೆ ಸರಿ. ಬರದ ವರ್ಷ ಮೊದಲು ಸೊರಗುವುದೇ ಆ ಒರತೆ.

ಇದೇ ಕುಟುಂಬ ದಿನಕ್ಕೆ ಒಮ್ಮೆ ಮಾತ್ರ ಕಡಲಿಗಿಳಿದು, ಬಂದ ಕೂಡಲೇ ಅರ್ಧ ಬಕೆಟ್ಟಿನಲ್ಲಿ ಉಪ್ಪು ತೊಳೆದು, ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸಿದರೆ ತಲೆಗೆ ಮೂವತ್ತು, ಐವರಿಗೆ ನೂರೈವತ್ತು ಲೀಟರು. ಬಾವಿಯ ಮಟ್ಟ ಇಳಿಯುವುದು ಮೂರು ಸೆಂಟಿಮೀಟರ್ ಚಿಲ್ಲರೆ, ಅಂದರೆ ಎರಡು ಬೆರಳು. ಒಂದು ಗೇಣಿಗೂ ಎರಡು ಬೆರಳಿಗೂ ಇರುವ ಅಂತರದಲ್ಲಿ ಯಾರೂ ಸುಖ ಕಳೆದುಕೊಳ್ಳಬೇಕಿಲ್ಲ. ಕಡಲು ಅಲ್ಲೇ ಇದೆ, ಅಲೆಯೂ ಅಷ್ಟೇ ಇದೆ. ಬಿಡಬೇಕಾದದ್ದು ಶವರು ಒಂದನ್ನೇ. ಕೇಂದ್ರ ಸರ್ಕಾರದ ಜಲಜೀವನ ಯೋಜನೆ ಹಳ್ಳಿಯ ಒಬ್ಬ ವ್ಯಕ್ತಿಗೆ ಎಲ್ಲ ಬಳಕೆಗೂ ಸೇರಿಸಿ ಇಟ್ಟುಕೊಂಡಿರುವ ಗುರಿ ದಿನಕ್ಕೆ 55 ಲೀಟರು. ಪ್ರವಾಸಿಯೊಬ್ಬ ಎರಡು ಶವರು ಸ್ನಾನಕ್ಕೇ ಅದರ ಮೂರೂವರೆ ಪಟ್ಟು ಚೆಲ್ಲುತ್ತಾನೆ ಎಂಬುದನ್ನು ಅರಿತರೆ ಬಕೆಟ್ಟು ಹಿಡಿಯುವುದು ತ್ಯಾಗ ಅನ್ನಿಸುವುದಿಲ್ಲ, ನ್ಯಾಯ ಅನ್ನಿಸುತ್ತದೆ.

ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು?

ಮೊದಲ ಸಲಹೆ, ರಜೆಯ ಮೊದಲ ಭಾಗದಲ್ಲೇ ಹೋಗಿ ಬನ್ನಿ. ಏಪ್ರಿಲ್ ನಡುವಿನಲ್ಲಿ ಬಾವಿಯಲ್ಲಿ ಇರುವಷ್ಟು ನೀರು ಮೇ ಕೊನೆಯಲ್ಲಿ ಇರುವುದಿಲ್ಲ. ಮಳೆ ಬರುವವರೆಗೂ ದಿನದಿನಕ್ಕೆ ಇಳಿಯುವುದೇ ಅದರ ಗತಿ. ಕಡಲ ದೃಷ್ಟಿಯಿಂದಲೂ ಇದೇ ಒಳ್ಳೆಯದು. ಮೇ ಎರಡನೇ ಭಾಗದಲ್ಲಿ ಅರಬ್ಬೀ ಸಮುದ್ರ ಒರಟಾಗತೊಡಗುತ್ತದೆ. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಅಪ್ಪಳಿಸಿ ಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲ ಸಮೀಪಿಸುತ್ತಿದ್ದಂತೆ ನಿಲ್ಲುತ್ತವೆ. ಏಪ್ರಿಲ್‌ನಲ್ಲಿ ಹೋದವರಿಗೆ ಕಡಲೂ ಸಿಗುತ್ತದೆ, ದೋಣಿಯೂ ಸಿಗುತ್ತದೆ, ಊರಿನ ನೀರಿಗೂ ಅಷ್ಟು ಭಾರ ಬೀಳುವುದಿಲ್ಲ. ನಾಲ್ಕು ದಿನದ ಬದಲು ಮೂರು ದಿನ, ವಾರದ ಕೊನೆಯ ಬದಲು ಸೋಮವಾರದಿಂದ ಬುಧವಾರ ಎಂದು ಹೊಂದಿಸಿಕೊಂಡರೆ ಇನ್ನೂ ಮೇಲು. ಶನಿವಾರ ಭಾನುವಾರ ಎಲ್ಲ ಕೋಣೆಗಳೂ ಒಟ್ಟಿಗೆ ತುಂಬಿದಾಗಲೇ ಬಾವಿಯ ಪಂಪು ಬಿಡುವಿಲ್ಲದೆ ಓಡುವುದು.

ಎರಡನೆಯದು, ನೋಡುವ ಜಾಗವನ್ನೂ ಉಳಿಯುವ ಜಾಗವನ್ನೂ ಬೇರೆ ಮಾಡಿಕೊಳ್ಳುವುದು. ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು ಇರುವ ಮರವಂತೆ, ನದಿಗೂ ಸಮುದ್ರಕ್ಕೂ ನಡುವೆ ಚಾಚಿದ ಕೋಡಿ ಬೆಂಗ್ರೆಯಂಥ ಮರಳ ಪಟ್ಟಿಗಳು ಎಷ್ಟು ಚೆಲುವೋ ನೀರಿನ ವಿಷಯದಲ್ಲಿ ಅಷ್ಟೇ ಬಡವು. ಎರಡೂ ಕಡೆಯಿಂದ ಉಪ್ಪು ಒತ್ತುವಾಗ ನಡುವಿನ ಸಿಹಿನೀರಿನ ಪದರ ತೆಳ್ಳಗಾಗುವುದು ಸಹಜ. ಇಂಥ ಕಡೆ ಹಗಲು ಕಳೆದು, ರಾತ್ರಿ ಐದಾರು ಕಿಲೋಮೀಟರ್ ಒಳಗಿನ ಊರಿನಲ್ಲೋ ನದಿ ನೀರಿನ ಪೂರೈಕೆ ಇರುವ ಪಟ್ಟಣದಲ್ಲೋ ಉಳಿಯುವುದು ಜಾಣತನ. ಪಟ್ಟಣದ ನೀರೂ ಅಕ್ಷಯವಲ್ಲ, ತುಂಬೆಯ ಉದಾಹರಣೆ ಮೇಲೆಯೇ ಇದೆ. ಆದರೆ ಅಣೆಕಟ್ಟೆಯ ಮಟ್ಟವನ್ನು ಪತ್ರಿಕೆಗಳು ದಿನವೂ ಬರೆಯುತ್ತವೆ, ಕೊರತೆ ಬಂದರೆ ಎಲ್ಲರಿಗೂ ಹಂಚಿಕೆಯಾಗುತ್ತದೆ. ಒಂಟಿ ಮನೆಯ ಬಾವಿ ಬತ್ತಿದರೆ ಆ ಕಷ್ಟ ಒಂದೇ ಮನೆಯ ತಲೆಯ ಮೇಲೆ ಬೀಳುತ್ತದೆ, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಕಡಲ ಸ್ನಾನಕ್ಕೆ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿಯಂಥ ತೀರಗಳನ್ನು ಆರಿಸಿಕೊಳ್ಳಬಹುದು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಈ ಎರಡು ತೀರಗಳಿಗೆ ನೀರಿನ ಗುಣಮಟ್ಟ, ಶೌಚಾಲಯ, ಜೀವರಕ್ಷಕರು ಇರಲೇಬೇಕೆಂಬ ನಿಯಮವಿದೆ.

ಕೋಣೆ ಗೊತ್ತು ಮಾಡುವಾಗ ಎಸಿ ಇದೆಯೇ, ಕಡಲು ಕಾಣುತ್ತದೆಯೇ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ನಿಮ್ಮಲ್ಲಿ ನೀರು ಬಾವಿಯದೋ, ನಲ್ಲಿಯದೋ, ಟ್ಯಾಂಕರಿನದೋ? ಮೇ ತಿಂಗಳಲ್ಲಿ ಬಾವಿ ಆರುತ್ತದೆಯೇ, ನೀರು ಸವುಳಾಗುತ್ತದೆಯೇ? ಈಗ ಊರಲ್ಲಿ ನೀರು ಹೇಗಿದೆ? ಈ ಮೂರಕ್ಕೂ ನೇರವಾಗಿ ಉತ್ತರ ಕೊಡುವ ಮನೆಯವರನ್ನು ನಂಬಬಹುದು. ‘ಸ್ವಾಮಿ, ಈಗ ಸ್ವಲ್ಪ ಕಷ್ಟವೇ, ಬಕೆಟ್ಟಿನಲ್ಲಿ ಸುಧಾರಿಸಿಕೊಳ್ಳುವುದಾದರೆ ಬನ್ನಿ’ ಎನ್ನುವವರ ಮನೆಯೇ, ‘ಇಪ್ಪತ್ತನಾಲ್ಕು ಗಂಟೆಯೂ ನೀರು’ ಎಂದು ಮಾತು ಕೊಡುವ ಕಡೆಗಿಂತ ಮೇಲು. ಈಜುಕೊಳವಿರುವ ರೆಸಾರ್ಟಾದರೆ ಇದನ್ನೂ ತಿಳಿದಿರಿ: ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಸಣ್ಣ ಕೊಳವನ್ನು ಒಮ್ಮೆ ತುಂಬಿಸಲು 60,000 ಲೀಟರಿಗೂ ಹೆಚ್ಚು ಸಿಹಿನೀರು ಬೇಕು. ಹನ್ನೆರಡು ಹದಿಮೂರು ಟ್ಯಾಂಕರಿನಷ್ಟು. ಎದುರಿಗೇ ಕಡಲಿರುವಾಗ ಬರದ ವರ್ಷ ಇಂಥ ಕೊಳವನ್ನು ಬಯಸದಿರುವುದೇ ಒಳಿತು.

ತೀರದಲ್ಲಿ ದಿನ ಕಳೆಯುವ ಬಗೆ

ಕಡಲ ಸ್ನಾನವನ್ನು ಸಂಜೆಗೆ ಇಟ್ಟುಕೊಂಡರೆ ಒಂದೇ ಕಲ್ಲಿಗೆ ಎರಡು ಹಕ್ಕಿ. ನಾಲ್ಕೂವರೆಯ ಮೇಲೆ ಬಿಸಿಲು ಇಳಿದಿರುತ್ತದೆ, ಕಡಲಿನಿಂದ ಬಂದು ತೊಳೆದುಕೊಂಡದ್ದೇ ದಿನದ ಸ್ನಾನವಾಗುತ್ತದೆ. ಬೆಳಿಗ್ಗೆಯ ಹೊತ್ತನ್ನು ನೀರು ಬೇಡದ ನೋಟಗಳಿಗೆ ಇಡಿ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಈ ಒಣ ತಿಂಗಳುಗಳಲ್ಲೇ ಉಪ್ಪು ಬೆಳೆಯುವುದು. ಅಘನಾಶಿನಿಯ ಅಳಿವೆಯಿಂದ ಒಳಬಂದ ಉಪ್ಪುನೀರು ಪಾತಿಗಳಲ್ಲಿ ನಿಂತು, ಬಿಸಿಲಿಗೆ ಆರಿ, ಬಿಳಿ ಹರಳಾಗಿ ಕುಳಿತಿರುವುದನ್ನು ಮಕ್ಕಳು ಹತ್ತಿರದಿಂದ ನೋಡಿದರೆ, ಉಪ್ಪುನೀರು ಆವಿಯಾದರೆ ಉಳಿಯುವುದೇನು, ಬಾವಿ ಸವುಳಾಗುವುದೆಂದರೇನು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಹೊಳೆಯ, ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತ ಬಂದಿದ್ದಾರೆ. ಉಪ್ಪಿನೊಂದಿಗೆ ಹೊಂದಿಕೊಂಡು ಬಾಳಿದವರ ಬುದ್ಧಿ ಎಂಥದ್ದೆಂದು ಅಲ್ಲಿ ಕಾಣಬಹುದು. ಇಂಥ ಬೆಳಗು ಮಕ್ಕಳಿಗೆ ಎರಡನೇ ಸಲ ಕಡಲಾಟ ಆಡಿದ್ದಕ್ಕಿಂತ ಹೆಚ್ಚು ಕಾಲ ನೆನಪಿರುತ್ತದೆ.

ನೀರು ಉಳಿಸುವ ಉಪಾಯಗಳಲ್ಲಿ ಹೆಚ್ಚಿನವು ಕೋಣೆಗೆ ಬರುವ ಮೊದಲೇ ಮಾಡಬೇಕಾದವು. ಒದ್ದೆ ಮರಳನ್ನು ನೀರಿನಿಂದ ತೊಳೆಯುವ ಬದಲು ಹತ್ತು ನಿಮಿಷ ಆರಲು ಬಿಟ್ಟು ಒಣ ಬಟ್ಟೆಯಿಂದ ಒರೆಸಿದರೆ ತಾನೇ ಉದುರುತ್ತದೆ. ಮರಳು ತುಂಬಿದ ಬಟ್ಟೆಯನ್ನು ಕಡಲಲ್ಲೇ ಜಾಲಿಸಿ, ಹಿಂಡಿ ತಂದು, ಕೋಣೆಯಲ್ಲಿ ಅರ್ಧ ಬಕೆಟ್ಟಿನಲ್ಲಿ ಒಮ್ಮೆ ಅದ್ದಿದರೆ ಸಾಕು. ಕಡಲ ನೀರಿನಲ್ಲಿ ಸೋಪು ಹಚ್ಚಲು ಹೋಗಬೇಡಿ. ಅದರ ಸುಣ್ಣ, ಮೆಗ್ನೀಸಿಯಂ ಅಂಶಗಳಿಂದ ನೊರೆ ಬರುವುದಿಲ್ಲ, ಜಿಡ್ಡು ಮಾತ್ರ ಉಳಿಯುತ್ತದೆ. ಬಟ್ಟೆ ಒಗೆಯುವುದನ್ನು ಊರಿಗೆ ಮರಳಿದ ಮೇಲಕ್ಕೆ ಇಡಿ, ತಲೆಗೆ ಎರಡು ಜೊತೆ ತೆಳು ಹತ್ತಿ ಬಟ್ಟೆ ಹೆಚ್ಚಿಗೆ ತುಂಬಿಕೊಳ್ಳಿ. ಹಾಸಿಗೆಯ ಹೊದಿಕೆ, ಟವೆಲ್ಲುಗಳನ್ನು ದಿನವೂ ಬದಲಿಸುವುದು ಬೇಡವೆಂದು ಮೊದಲ ದಿನವೇ ಹೇಳಿಬಿಡಿ. ಸ್ನಾನ ಮಾಡುವಾಗ ದೊಡ್ಡ ಬೇಸಿನ್ನಿನಲ್ಲಿ ನಿಂತು, ಕೆಳಗೆ ಬಿದ್ದ ನೀರನ್ನು ಶೌಚಕ್ಕೆ ಸುರಿಯಿರಿ. ಹಳೆಯ ಫ್ಲಷ್ ತೊಟ್ಟಿಗಳು ಒಮ್ಮೆಗೆ ಹತ್ತು ಲೀಟರ್ ಸಿಹಿನೀರು ನುಂಗುತ್ತವೆ. ಊಟಕ್ಕೆ ಬಾಳೆಲೆ ಕೇಳಿ, ಪಾತ್ರೆ ತೊಳೆಯುವ ನೀರು ಅಷ್ಟು ಉಳಿಯುತ್ತದೆ. ಕಾರಿನ ಗಾಜಿನ ಮೇಲೆ ಉಪ್ಪು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೈಪು ಹಿಡಿಯಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವವರಿಗೆ 5,000 ರೂಪಾಯಿ ದಂಡ ಗೊತ್ತು ಮಾಡಿತ್ತು. ಮನೆಯಲ್ಲಿ ಪಾಲಿಸಿದ ಶಿಸ್ತನ್ನು ಕಡಲೂರಿನಲ್ಲೂ ಪಾಲಿಸಬೇಕು.

ಕಡಲಾಟದಲ್ಲಿ ಒಂದು ಎಚ್ಚರ ಇರಲಿ. ಸೆಕೆ ತಾಳಲಾರದೆ ಮಕ್ಕಳು ತಾಸುಗಟ್ಟಲೆ ನೀರಲ್ಲಿರಲು ಬಯಸುತ್ತಾರೆ. ಆದರೆ ಅಲೆಗಳು ದಡಕ್ಕೆ ತಂದ ನೀರು ಒಂದು ಕಿರಿದಾದ ಓಣಿಯಲ್ಲಿ ಮತ್ತೆ ಹೊರಕ್ಕೆ ಹರಿಯುತ್ತ ಅಲ್ಲಿರುವವರನ್ನೂ ಸೆಳೆಯುತ್ತದೆ. ಸುತ್ತ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅದೇ ಸೆಳೆತದ ಜಾಗ. ಸಿಕ್ಕಿಬಿದ್ದವರು ದಡದ ಕಡೆಗೆ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಹಿಡಿಯಬೇಕು. ಈಜು ಬಾರದವರು ಮೊಣಕಾಲಿನಾಚೆ ಹೋಗದಿರಲಿ. ಜೀವರಕ್ಷಕರು ಬೇಡವೆಂದ ಕಡೆ ಇಳಿಯಲೇಬೇಡಿ.

ಕುಡಿಯುವ ನೀರು, ಮೈಯ ಆರೈಕೆ

ಕರಾವಳಿಯ ಬಿಸಿಲು ಕಲಬುರಗಿಯಷ್ಟು ತೀಕ್ಷ್ಣವಲ್ಲ, ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಹವಾಮಾನ ಇಲಾಖೆಯೂ ಬಿಸಿಗಾಳಿ ಘೋಷಿಸಲು ಬಯಲಿಗೆ 40 ಡಿಗ್ರಿ ಸೆಲ್ಸಿಯಸ್ ಮಿತಿ ಇಟ್ಟಿದ್ದರೆ ಕರಾವಳಿಗೆ 37 ಡಿಗ್ರಿ ಇಟ್ಟಿರುವುದು ಈ ವ್ಯತ್ಯಾಸವನ್ನು ಅರಿತೇ. ಬಾಯಾರುವವರೆಗೆ ಕಾಯದೆ ಮಕ್ಕಳಿಗೂ ಹಿರಿಯರಿಗೂ ಗಂಟೆಗೊಮ್ಮೆ ಏನಾದರೂ ಕುಡಿಸುತ್ತಿರಬೇಕು. ಎಳನೀರು, ಮಜ್ಜಿಗೆ, ಪುನರ್ಪುಳಿ ಶರಬತ್ತು, ಕುಚ್ಚಲಕ್ಕಿ ಗಂಜಿ ಇವೆಲ್ಲ ಅಲ್ಲಿನವರು ಸೆಕೆಗೆ ಕಂಡುಕೊಂಡ ದಾರಿ. ನೀರು ಕಡಿಮೆಯಾದಾಗ ತೊಟ್ಟಿಯ ತಳದ ನೀರು, ಎಲ್ಲಿಯದೋ ಟ್ಯಾಂಕರಿನ ನೀರು ಬಳಕೆಗೆ ಬರುವುದರಿಂದ ವಾಂತಿಭೇದಿಯ ಭಯ ಹೆಚ್ಚು. ಕುಡಿಯುವ ನೀರನ್ನು ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ ಆರಿಸಿಕೊಳ್ಳಿ. ಓಆರ್‌ಎಸ್ ಪುಡಿ ಜೊತೆಗಿರಲಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿನಲ್ಲೇ ಕದಡಬೇಕು. ಅದಿಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕುದಿಸುವುದರಿಂದ ಕ್ರಿಮಿ ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಹಸುಗೂಸಿನ ಹಾಲಿನ ಪುಡಿ ಕಲಸಲು ಸವುಳು ನೀರು ಬಳಸಲೇಬಾರದು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೂ ಅದನ್ನು ಕುಡಿಸಬಾರದು. ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 2,000 ಮಿಲಿಗ್ರಾಂವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ ಸಂಸ್ಥೆಯ ಕಟ್ಟಳೆ. ಇದನ್ನು ಅಳೆಯುವ ಪೆನ್ನಿನಂಥ ಟಿಡಿಎಸ್ ಮೀಟರ್ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಕೋಣೆಯಲ್ಲಿ ಆರ್‌ಓ ಯಂತ್ರವಿದ್ದರೆ ಅದು ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಕೊಡಿ. ಎಷ್ಟೋ ಯಂತ್ರಗಳು ಶುದ್ಧ ಮಾಡಿಕೊಡುವುದಕ್ಕಿಂತ ಹೊರಬಿಡುವುದೇ ಹೆಚ್ಚು.

ಕೇಳಿಬರುವ ಆಕ್ಷೇಪಗಳು

‘ಬಾಡಿಗೆ ಕೊಟ್ಟ ಮೇಲೆ ನೀರು ಒದಗಿಸುವುದು ಅವರ ಜವಾಬ್ದಾರಿ’ ಎಂಬುದು ಮೊದಲ ಆಕ್ಷೇಪ. ವ್ಯವಹಾರದ ಮಾತಾಗಿ ಇದು ಸರಿಯೇ. ಆದರೆ ಹಣ ನೀರನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯದನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ ಅಷ್ಟೆ. ನಾವು ಕೊಟ್ಟ ಬಾಡಿಗೆಯಲ್ಲಿ ತರಿಸಿದ ಟ್ಯಾಂಕರು ಮೇಲಿನ ಗುಡ್ಡದ ಯಾರದೋ ಬಾವಿಯಿಂದ ತುಂಬಿ ಬಂದಿರುತ್ತದೆ. ಆ ಬಾವಿಯನ್ನೇ ನಂಬಿದ ಅಕ್ಕಪಕ್ಕದ ಮನೆಗಳಿಗೆ ನಮ್ಮ ಬಾಡಿಗೆಯಲ್ಲಿ ಪಾಲಿಲ್ಲ. ‘ಕ್ಯಾನ್ ನೀರು ಕೊಂಡುಕೊಳ್ಳುತ್ತೇವೆ, ಅವರ ನೀರು ಮುಟ್ಟುವುದೇ ಇಲ್ಲ’ ಎನ್ನುವವರೂ ಇದ್ದಾರೆ. ತಲೆಗೆ ಮೂರು ಲೀಟರಿನಂತೆ ಐವರು ಕುಡಿಯುವುದು ಹದಿನೈದು ಲೀಟರು. ಸಾವಿರ ಲೀಟರಿನ ಬಚ್ಚಲ ಲೆಕ್ಕದ ಮುಂದೆ ಅದು ತೀರಾ ಸಣ್ಣ ಬಾಬತ್ತು. ಕುಡಿಯಲು ಕ್ಯಾನ್ ತಂದು ಸ್ನಾನಕ್ಕೆ ಶವರು ಬಿಟ್ಟರೆ ಉಳಿದದ್ದೇನೂ ಇಲ್ಲ.

‘ಹಾಗಾದರೆ ಹೋಗದೇ ಇರುವುದೇ ಸರಿಯಲ್ಲವೇ?’ ಎಂಬುದು ಸಜ್ಜನರ ಪ್ರಶ್ನೆ. ಇದಕ್ಕೆ ಒಂದೇ ಉತ್ತರವಿಲ್ಲ. ಊರಿನವರೇ ಬರಬೇಡಿ ಎಂದರೆ, 2019ರಲ್ಲಿ ಧರ್ಮಸ್ಥಳ ಕೇಳಿಕೊಂಡಂತೆ ಕೇಳಿಕೊಂಡರೆ, ಮರುಮಾತಿಲ್ಲದೆ ಮುಂದೂಡಬೇಕು. ಆದರೆ ಹಾಗೆ ಹೇಳದ ಊರಿನಲ್ಲಿ ಹೋಮ್‌ಸ್ಟೇ ನಡೆಸುವವರು, ಎಳನೀರು ಮಾರುವವರು, ಊಟದ ಮನೆಯವರು, ದೋಣಿಯವರು ನಮ್ಮ ದಾರಿ ನೋಡುತ್ತಿರುತ್ತಾರೆ. ಅವರ ದುಡಿಮೆಯ ಕಾಲ ಮಳೆಗಾಲ ಬಂದರೆ ಮುಗಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವುದರಿಂದ ಬೇಸಿಗೆಯ ಸಂಪಾದನೆಯ ಮೇಲೆಯೇ ಎಷ್ಟೋ ಮನೆಗಳ ಮಳೆಗಾಲ ನಿಂತಿರುತ್ತದೆ. ಹೋಗದೆ ಉಳಿದರೆ ಬಾವಿ ಉಳಿಯುತ್ತದೆ, ಸಂಪಾದನೆ ಕೆಡುತ್ತದೆ. ಎರಡು ಬೆರಳಿನ ಲೆಕ್ಕದಲ್ಲಿ ಹೋದರೆ ಎರಡೂ ಉಳಿಯುತ್ತವೆ.

‘ಕಡಲ ನೀರನ್ನೇ ಸಿಹಿ ಮಾಡಬಹುದಲ್ಲ’ ಎಂಬ ಮಾತೂ ಬರುತ್ತದೆ. ಮಾಡಬಹುದು. ಚೆನ್ನೈನ ಮಿಂಜೂರು, ನೆಮ್ಮೇಲಿ ಘಟಕಗಳು ದಿನಕ್ಕೆ ತಲಾ ಹತ್ತು ಕೋಟಿ ಲೀಟರ್ ತಯಾರಿಸುವ ಸಾಮರ್ಥ್ಯದಲ್ಲಿ ಕಟ್ಟಿದವು. ಆದರೆ ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದನ್ನು ಬೇರ್ಪಡಿಸಲು ಆಧುನಿಕ ಘಟಕಗಳಿಗೂ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ ಬೇಕು. ಮಹಾನಗರ ಹೊರಬಲ್ಲ ಈ ಖರ್ಚನ್ನು ಹತ್ತು ಕೋಣೆಯ ತೀರದ ಮನೆ ಹೊರಲಾರದು, ಉಳಿದ ಗಟ್ಟಿ ಉಪ್ಪುನೀರನ್ನು ಎಲ್ಲಿ ಬಿಡಬೇಕೆಂಬ ಪ್ರಶ್ನೆಯೂ ಬಗೆಹರಿಯುವುದಿಲ್ಲ. ಕೊನೆಯ ಆಕ್ಷೇಪ, ‘ನಮ್ಮ ಒಂದು ಕುಟುಂಬದಿಂದ ಏನಾದೀತು?’ ನದಿಯ ಲೆಕ್ಕದಲ್ಲಿ ಏನೂ ಆಗದಿರಬಹುದು. ಬಾವಿಯ ಲೆಕ್ಕ ಹಾಗಲ್ಲ. ಅದು ಒಂದೇ ಮನೆಯದು, ಎಂಟೇ ಅಡಿ ಅಗಲದ್ದು, ಅದರಲ್ಲಿ ನಮ್ಮ ಪಾಲನ್ನು ಕೈಯಲ್ಲೇ ಅಳೆಯಬಹುದು.

ಆದ್ದರಿಂದ ಹೋದ ಮೊದಲ ದಿನ, ಕಡಲಿಗೆ ಓಡುವ ಮುನ್ನ, ಮನೆಯವರನ್ನು ಕೇಳಿ ಮಕ್ಕಳನ್ನು ಬಾವಿಕಟ್ಟೆಯ ಬಳಿಗೆ ಕರೆದುಕೊಂಡು ಹೋಗಿ. ಕೈ ಹಿಡಿದು ನಿಲ್ಲಿಸಿ ಒಳಗೆ ಇಣುಕಲು ಹೇಳಿ. ಮಳೆಗಾಲದಲ್ಲಿ ನೀರು ನಿಂತಿದ್ದ ಎತ್ತರದವರೆಗೆ ಕೆಂಪುಕಲ್ಲಿನ ಗೋಡೆಯ ಮೇಲೆ ಪಾಚಿ ಕಪ್ಪಾಗಿ ಒಣಗಿರುತ್ತದೆ. ಅಲ್ಲಿಂದ ಕೆಳಗೆ, ಬಹಳ ಕೆಳಗೆ, ಈಗಿನ ನೀರು ಇರುತ್ತದೆ. ಹೊರಡುವ ದಿನ ಮತ್ತೆ ಒಮ್ಮೆ ಇಣುಕಿಸಿ. ನಾಲ್ಕು ದಿನದಲ್ಲಿ ಇಳಿದದ್ದು ಗೇಣುಗಟ್ಟಲೆಯೋ ಬೆರಳುಗಟ್ಟಲೆಯೋ ಎಂದು ಅವರೇ ನೋಡಿ ಹೇಳಲಿ.